ಗುಳಿಗೆ, ಹುಗ್ಗಿ ಮತ್ತು ನನ್ನ ಚಾಡಿಕೋರ ರಕ್ತ

ಹೆಂಡತಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು, ಡಾಕ್ಟರಿಗೂ ಹೇಳಬಹುದು. ಆದರೆ ನಮ್ಮದೇ ಮೈಯಲ್ಲಿದ್ದುಕೊಂಡು ನಮ್ಮ ಮೇಲೆಯೇ ಚಾಡಿ ಹೇಳುವ ರಕ್ತಕ್ಕೆ ಏನು ಮಾಡುವುದು? ನನಗಿರುವುದು ನಿಧಾನಗತಿಯ ರಕ್ತದ ಕ್ಯಾನ್ಸರ್. ಹೌಹಾರಬೇಡಿ, ಆ ಕೆಲಸ ನಾನೇ ಮಾಡಿ ಮುಗಿಸಿದ್ದೇನೆ. ದಿನಕ್ಕೊಂದು ಗುಳಿಗೆ, ಮೂರು ತಿಂಗಳಿಗೊಮ್ಮೆ ಸೇಡಂನಿಂದ ಹೈದರಾಬಾದಿಗೆ ಒಂದು ಟ್ಯೂಬು ರಕ್ತ. ರೋಗದ ಜೀನ್ ರಕ್ತದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಅಲ್ಲಿಂದ ಒಂದು ಅಂಕಿ ಬರುತ್ತದೆ. ಅದು ಪ್ರತಿಸಲ ಇಳಿಯಬೇಕು. ಗಣಿತದ ಮೇಷ್ಟ್ರಾದ ನಾನು ಸೊನ್ನೆಗೆ ಕೈಮುಗಿಯುವ ಕಾಲ ಬಂತು ನೋಡಿ.

ತಕರಾರು ಎದ್ದದ್ದು ಹುಗ್ಗಿಯಿಂದ. ಊಟದ ಮೇಲೆ ಗುಳಿಗೆ ನುಂಗಿದರೆ ನನಗೆ ಹೊಟ್ಟೆ ತೊಳಸುತ್ತದೆ. ಈ ಬೇಸಿಗೆಯಲ್ಲಿ ದಂಡೋತಿ, ಕುರಕುಂಟಾ, ಚಿಂಚೋಳಿ ಎಂದು ಸಾಲು ಸಾಲು ಮದುವೆ. ತುಪ್ಪ ಸುರಿದ ಗೋಧಿ ಹುಗ್ಗಿಯನ್ನು ಉಂಡು ವಾಪಸು ಕಕ್ಕುವುದು ಬೀಗರಿಗೆ ಅವಮಾನವಲ್ಲವೇ? ಮದುವೆಯ ದಿನ ಗುಳಿಗೆಗೆ ರಜೆ ಕೊಟ್ಟೆ. ಮದುವೆಗಳು ಮುಗಿದರೂ ರಜೆ ಮುಗಿಯಲಿಲ್ಲ. ಹೆಂಡತಿ ಶಾಂತಾ ಖಾಲಿ ಪಾಕೀಟು ನೋಡುತ್ತಾಳೆಂದು ಗುಳಿಗೆ ಬಿಡಿಸಿ ಬಚ್ಚಲಿಗೆ ಹಾಕುತ್ತಿದ್ದೆ. ರಕ್ತ ಕೊಡಲು ಮೂರು ದಿನ ಉಳಿದಾಗ ಮಾತ್ರ ಭಾರಿ ಶಿಸ್ತು: ತಪ್ಪದೆ ಗುಳಿಗೆ, ಬೆಳಿಗ್ಗೆ ಹಾಗಲಕಾಯಿ ರಸ, ರೈಲು ಹತ್ತಿ ನಾಲವಾರದ ಮಠಕ್ಕೂ ಹೋಗಿ ಬಂದೆ.

ಅಂಕಿ ಏರಿತ್ತು. ಕಲಬುರಗಿಯ ಡಾಕ್ಟರಮ್ಮ ವರದಿ ಹಿಡಿದು, “ಗುಳಿಗಿ ದಿನಾ ತಗೊಳಾಕತ್ತೀರಲ್ರಿ ಸರ್?” ಎಂದರು.

“ಒಂದಿನಾನೂ ತಪ್ಪಿಲ್ರಿ,” ಶಾಂತಾ ನನಗಿಂತ ಮೊದಲೇ ಹೇಳಿದಳು. “ಖಾಲಿ ಪಾಕೀಟ ನಾನೇ ನೋಡೀನ್ರಿ.”

“ಹಂಗಾದ್ರ ಈ ಗುಳಿಗಿ ಕೆಲಸ ಮಾಡವಲ್ದು. ಬ್ಯಾರೆ ಔಷಧ ನೋಡಬೇಕಾಗ್ತದ. ಅದು ಭಾಳ ಜೋರಿರ್ತದ.”

ಶಾಂತಾ ನನ್ನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಅಷ್ಟು ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ಹುಗ್ಗಿ, ಬಚ್ಚಲು, ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ.

“ಯವ್ವಾ! ಹುಗ್ಗಿ ಸಲುವಾಗಿ ನನ್ನ ತಾಳಿ ಪಣಕ್ಕಿಟ್ಟಿದ್ರೇನ್ರೀ!” ದವಾಖಾನೆ ಎನ್ನುವುದನ್ನೂ ಮರೆತು ಶಾಂತಾ ಚೀರಿದಳು. ಹೊರಗೆ ಕುಳಿತವರೆಲ್ಲ ಬಾಗಿಲಲ್ಲಿ ಇಣುಕಿದರು.

ಡಾಕ್ಟರಮ್ಮ ನಗು ತಡೆಯಲಾರದೆ, “ಇರ್ಲಿ ಬಿಡ್ರಿ ಅಕ್ಕಾರ. ಮೂರು ತಿಂಗಳು ಇದೇ ಗುಳಿಗಿ ನೆಟ್ಟಗ ನುಂಗಲಿ, ಮತ್ತ ರಕ್ತ ನೋಡೋಣ. ಗುಳಿಗಿ ಫೇಲ್ ಆಗಿಲ್ಲ ಅನಸ್ತದ. ಸರ್ ಫೇಲ್ ಆಗ್ಯಾರ,” ಎಂದರು.

ನನ್ನ ಸರ್ವಿಸಿನಲ್ಲಿ ಎಷ್ಟೋ ಮಂದಿಗೆ ಆ ಮಾತು ಹೇಳಿದ್ದೇನೆ. ಅದನ್ನು ಕೇಳಿ, ಹೆಂಡತಿಯ ಬೈಗುಳದ ನಡುವೆಯೂ ಡಾಕ್ಟರಿಗೆ ಕೈಮುಗಿದು ಹಲ್ಲು ಕಿರಿದವನು ನಾನೊಬ್ಬನೇ.