ಕೌಬಾಯ್‌ಗೆ ಫ್ಯಾಮಿಲಿ ವೀಸಾ

ಚೆನ್ನಾಗಿ ನಡೆಯುತ್ತಿರುವುದನ್ನು ಕಂಡರೆ ಕೈ ಕಟ್ಟಿಕೊಂಡು ಕೂರಲಾಗದ ಒಂದು ಜಾತಿಯ ಜನ ಇರುತ್ತಾರೆ. ಸುಮ್ಮನೆ ತಿರುಗುತ್ತಿರುವ ಫ್ಯಾನಿಗೆ ಎಣ್ಣೆ ಬಿಟ್ಟು ನಿಲ್ಲಿಸುವವರು, ರುಚಿಯಾದ ಸಾರಿಗೆ ಕೊನೆಗಳಿಗೆಯಲ್ಲಿ ಇನ್ನಷ್ಟು ಉಪ್ಪು ಸುರಿಯುವವರು. ನಾನು ಆ ಜಾತಿಯವನು. ನನ್ನ ಹೆಂಡತಿ ಐರಿನ್ ಇದನ್ನು ಮದುವೆಯಾದ ಹೊಸತರಲ್ಲೇ ಕಂಡುಹಿಡಿದು, ನನ್ನನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದು ನಿಲ್ಲಿಸುತ್ತಾಳೆ. ಹಾಲ್‌ನಲ್ಲಿ ತಡೆಯುವವರು ಇರಲಿಲ್ಲ, ಅಲ್ಲೇ ಎಡವಟ್ಟಾಯಿತು.

ಆ ಹಾಲ್ ಎರಡು ಸಂಸಾರಗಳದ್ದು. ಅಬುಧಾಬಿಯ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ನನಗಾಗಲಿ, ಮುಸಫ್ಫಾದ ಫ್ಯಾಬ್ರಿಕೇಶನ್ ಕಂಪನಿಯ ಎಂಜಿನಿಯರ್ ಪಾಟೀಲರಿಗಾಗಲಿ ಇಡೀ ಫ್ಲ್ಯಾಟ್ ಹಿಡಿಯುವ ತಾಕತ್ತಿರಲಿಲ್ಲ. ಹಾಗಾಗಿ ಶೇರಿಂಗ್. ನಮಗೊಂದು ಕೋಣೆ, ಬಾಗಲಕೋಟೆಯ ಪಾಟೀಲರು, ಅವರ ಹೆಂಡತಿ ಸವಿತಾ, ಮಗಳು ನೇಹಾ, ಈ ಮೂವರಿಗೊಂದು. ಟಿವಿ ಮಾತ್ರ ಒಂದೇ. ನಮ್ಮದು ಕೊಂಕಣಿ, ಅವರದು ಜವಾರಿ ಕನ್ನಡ, ನೇಹಾ ಏನು ಕೇಳಿದರೂ ಇಂಗ್ಲಿಷ್‌ನಲ್ಲೇ ಉತ್ತರ. ಯಾವ ಚಾನೆಲ್ ಹಾಕುವುದೆಂದು ಪ್ರತಿ ಶುಕ್ರವಾರವೂ ಮುಸುಕಿನ ಗುದ್ದಾಟ ನಡೆಯುತ್ತಿತ್ತು.

ಅದನ್ನು ನಿಲ್ಲಿಸಿದ್ದು ದುಬೈಗೆ ಹೋದಾಗ ಪಾಟೀಲರು ಅಲ್ಲಿನ ನೈಫ್ ಬಜಾರಿನ ಅಂಗಡಿಯೊಂದರಿಂದ ತಂದ ಡಿವಿಡಿ. ಮಗಳಿಗೆ ಕಾರ್ಟೂನ್ ಎಂದು ನಂಬಿ ತಂದದ್ದು. ಹಾಕಿದರೆ ಬಣ್ಣವಿಲ್ಲ, ಮಾತಿಲ್ಲ, ಸಂಗೀತವೂ ಇಲ್ಲ. ಕೌಬಾಯ್‌ಗಳ ಹಳೇ ಮೂಕಿ ಚಿತ್ರ. ನಡುನಡುವೆ ಬರುವ ಬರಹಗಳು ರಷ್ಯನ್ನೋ ಏನೋ, ನಮ್ಮಲ್ಲಿ ಯಾರೂ ಓದಲಾರದ ಲಿಪಿ. ಚಿತ್ರವೇನೂ ಮಹಾ ಅಲ್ಲ. ಎಲ್ಲರೂ ಗುಂಡು ಹಾರಿಸುತ್ತಾರೆ, ಯಾರೂ ಸಾಯುವುದಿಲ್ಲ, ಟೋಪಿಗಳು ಮಾತ್ರ ಹಾರುತ್ತವೆ. ಬೆನ್ನಟ್ಟುವಾಗ ಅದೇ ಬಂಡೆ, ಅದೇ ಒಣಮರ ಮತ್ತೆ ಮತ್ತೆ ಎದುರಾಗುತ್ತದೆ. ನಾಯಕ ಬಹಳ ಗಂಭೀರವಾಗಿ ಕುದುರೆ ಹತ್ತಲು ಹೋಗಿ ಆಚೆ ಬದಿಗೆ ಬೀಳುತ್ತಾನೆ. ಎದ್ದು, ಅಷ್ಟೇ ಗಂಭೀರವಾಗಿ ಧೂಳು ಕೊಡವಿಕೊಳ್ಳುತ್ತಾನೆ. ಆ ಕೊಡವಿಕೊಳ್ಳುವ ರೀತಿಗೇ ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ಪರದೆಯಲ್ಲಿ ಮಾತಿಲ್ಲವೆಂದು ನಮ್ಮವರು ಸುಮ್ಮನಿರುತ್ತಾರೆಯೇ? ಹೊಸ ಊರಿಗೆ ಬಂದ ನಾಯಕ ಪೆಚ್ಚಾಗಿ ನಿಂತಾಗ ಪಾಟೀಲರು, "ವಿಜಿಟ್ ವೀಸಾದಾಗ ಬಂದಾನ ಪಾಪ, ಕೆಲಸಾ ಹುಡುಕಾಕತ್ತಾನ" ಅಂದರು. ಅಲ್ಲಿಂದ ಶುರುವಾಗಿ, ಪ್ರತಿ ಶುಕ್ರವಾರವೂ ಅದೇ ಚಿತ್ರ, ನಮ್ಮದೇ ಮಾತು. ಎದೆಗೆ ತಗಡಿನ ನಕ್ಷತ್ರ ಚುಚ್ಚಿಕೊಂಡ ಶೆರೀಫ್ ನಮ್ಮ ಪಾಲಿಗೆ ಲೇಬರ್ ಕ್ಯಾಂಪಿನ ಬಾಸ್ ಆದ. ಐರಿನ್ ಅವನ ದನಿಯಾಗಿ, "ಪಾಸ್‌ಪೋರ್ಟ್ ಎಲ್ಲುಂಟು ಮಾರಾಯ? ಇಲ್ವಾ? ಖಲಾಸ್, ಯಲ್ಲಾ, ನಡಿ" ಎಂದು ಗದರುತ್ತಿದ್ದಳು. ಖಳನ ಮಾತು ನನ್ನದು, ನಾಯಕಿಯದು ಸವಿತಾರದು. ಕೊನೆಯಲ್ಲಿ ನಾಯಕಿ ಒಂದು ಕಾಗದ ಬೀಸುತ್ತ ಓಡಿಬರುತ್ತಾಳೆ. "ಫ್ಯಾಮಿಲಿ ವೀಸಾ ಬಂತ್ರಿ" ಎಂದು ಸವಿತಾ ಪ್ರತಿ ಸಲವೂ ಕೂತಲ್ಲಿಂದ ಎದ್ದೇ ಹೇಳುತ್ತಿದ್ದರು. ಗಂಡ ಇಲ್ಲಿ, ತಾನು ಊರಲ್ಲಿ ಎಂದು ಆ ವೀಸಾಕ್ಕಾಗಿಯೇ ವರ್ಷಗಟ್ಟಲೆ ಕಾದವರು ಅವರು.

ಆಮೇಲೆ ಪಾಟೀಲರಿಗೆ ದೂರದ ಮರುಭೂಮಿಯ ಊರಾದ ಮದೀನತ್ ಜಾಯೆದ್‌ಗೆ ವರ್ಗವಾಯಿತು. ಕೊನೆಯ ಶುಕ್ರವಾರ ಐರಿನ್ ಶ್ಯಾವಿಗೆ ಪಾಯಸ ಮಾಡಿದಳು. ನನ್ನ ಪಾಲಿನದೂ ಏನಾದರೂ ಇರಲಿ ಎಂದು ನಾನು ಇಂಟರ್ನೆಟ್ಟೆಲ್ಲ ಜಾಲಾಡಿ, ಅದೇ ಚಿತ್ರದ ಇಂಗ್ಲಿಷ್ ಪ್ರತಿ ಹುಡುಕಿ ತೆಗೆದೆ. ಚಿತ್ರ ಕನ್ನಡಿಯಷ್ಟು ಸ್ವಚ್ಛ, ಮೇಲೆ ಪಿಯಾನೋ ಬೇರೆ. "ಆ ಹಳೇದು ಇನ್ಯಾಕೆ, ಎಸೆಯಿರಿ" ಎಂದೆ. ನೇಹಾ ಆ ಡಿವಿಡಿಯನ್ನೆತ್ತಿ ತನ್ನ ಸ್ಕೂಲ್ ಬ್ಯಾಗಿಗೆ ಹಾಕಿಕೊಂಡಳು. ನಾನು ರಿಮೋಟ್ ಹಿಡಿದು ನಿಂತು, ಬರಹ ಬಂದಾಗಲೆಲ್ಲ ಚಿತ್ರ ನಿಲ್ಲಿಸಿ, ಓದಿ, ಕನ್ನಡದಲ್ಲಿ ಅರ್ಥ ಬಿಡಿಸಿದೆ. ನಾಯಕ ಕೆಲಸವಿಲ್ಲದವನಲ್ಲ, ಬೂಟು ಮಾರುವ ಏಜೆಂಟ್. ನಾಯಕಿ ಬಡವಿಯಲ್ಲ, ಬ್ಯಾಂಕ್ ಮಾಲೀಕನ ಮಗಳು. ಕೊನೆಯಲ್ಲಿ ಅವಳು ಬೀಸುವುದು ಕುದುರೆಯ ಜೀನು ರಿಪೇರಿಯ ರಸೀದಿ.

"ಅಂದ್ರ ವೀಸಾ ಅಲ್ಲೇನ್ರಿ ಅದು?" ಎಂದು ಸವಿತಾ ಕೇಳಿದರು.

"ಅಲ್ಲ" ಎಂದೆ. ಸತ್ಯ ಹೇಳುವ ಖುಷಿಯಲ್ಲಿ, ನಗುತ್ತಲೇ ಎಂದೆ.

ಪಾಟೀಲರು, "ಹಂಗಾದ್ರ ಹಂಗ ಬಿಡ್ರಿ" ಎಂದು ಪೆಟ್ಟಿಗೆ ಕಟ್ಟಲು ಎದ್ದರು. ಆವತ್ತು ಐರಿನ್ ಕೊಂಕಣಿಯಲ್ಲಿ ನನಗೆ ಹೇಳಿದ್ದರಲ್ಲಿ ಇಲ್ಲಿ ಬರೆಯಬಹುದಾದದ್ದು ಇಷ್ಟೇ: ಹೋಗುವ ಹೊತ್ತಿಗೆ ಆ ಹೆಂಗಸಿನ ವೀಸಾ ಕ್ಯಾನ್ಸಲ್ ಮಾಡಿ ಕಳಿಸಿದಿರಿ.

ಅವರ ಕೋಣೆಗೆ ಬೇರೆ ಸಂಸಾರ ಬಂತು; ಅವರಿಗೆ ಅವರದೇ ಟಿವಿ ಇದೆ. ನನ್ನ ಸ್ವಚ್ಛ ಪ್ರತಿಯನ್ನು ಶುಕ್ರವಾರ ಒಬ್ಬನೇ ಹಾಕಿ ನೋಡುತ್ತೇನೆ. ನಾಯಕ ಬೀಳುತ್ತಾನೆ, ಪಿಯಾನೋ ನುಡಿಯುತ್ತದೆ, ಎಲ್ಲ ಅರ್ಥವಾಗುತ್ತದೆ, ನಗು ಮಾತ್ರ ಬರುವುದಿಲ್ಲ. ಆ ಒಂದು ಶುಕ್ರವಾರ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಈದ್ ರಜೆಯಲ್ಲಿ ಪಾಟೀಲರು ಕರೆದರು, ಹೋದೆವು. ಊಟವಾದ ಮೇಲೆ ನೇಹಾ ಗೀರು ಬಿದ್ದ ಆ ಹಳೇ ಡಿವಿಡಿ ಹಾಕಿದಳು; ನಮ್ಮ ಪಾತ್ರಗಳಿಗೆ ಅಲ್ಲಿ ಆಗಲೇ ಹೊಸಬರು ಸಿಕ್ಕಿದ್ದರು. ಕ್ಯಾಂಪ್ ಬಾಸ್ ಆಗಿದ್ದ ಪಕ್ಕದ ಮನೆಯ ಮಲಯಾಳಿ ನರ್ಸ್ ಐರಿನ್‌ಗೆ ಜಾಗ ಬಿಟ್ಟುಕೊಟ್ಟರು. ನನ್ನ ಖಳನನ್ನು ರಾಯಚೂರಿನ ಒಬ್ಬ ಫೋರ್‌ಮನ್ ಹಿಡಿದು ಕೂತಿದ್ದ, ಬಿಡುವ ಹಾಗೆ ಕಾಣಲಿಲ್ಲ. "ನನಗೆ?" ಎಂದು ಕೇಳಿದೆ.

ಪಾಟೀಲರು ಯೋಚಿಸಿ, "ಕುದುರಿ ಖಾಲಿ ಐತ್ರಿ ಡಿಸೋಜಾ ಸರ್. ಅದಕ್ಕ ಓದಾಕ ಬರೂದಿಲ್ಲ" ಅಂದರು.

ಎಲ್ಲರ ಜೊತೆ ನಾನೂ ನಕ್ಕು ಕಾರ್ಪೆಟ್ ಮೇಲೆ ಕೂತೆ. ಹೇಳಿದ ಕಡೆಯೆಲ್ಲ ಕೆನೆದೆ. ಕೊನೆಯಲ್ಲಿ ಸವಿತಾ, ಮೊದಲಿನ ಹಾಗೆಯೇ ಎದ್ದು ನಿಂತು, "ಫ್ಯಾಮಿಲಿ ವೀಸಾ ಬಂತ್ರಿ" ಅಂದರು. ಕುದುರೆ ಸಂತೋಷದಿಂದ ಕೆನೆಯಬೇಕಾದ ಜಾಗ ಅದು. ನಾನು ಸವಿತಾರ ಮುಖ ನೋಡುತ್ತ ಕೆನೆಯುವುದನ್ನೇ ಮರೆತೆ.

"ಅಂಕಲ್, ಯು ಮಿಸ್ಡ್ ಯುವರ್ ಟರ್ನ್" ಎಂದಳು ನೇಹಾ.