ಖಾಲಿ ಕೊಡದ ವಾಕಿಂಗು

ಬೀದರ ಜಿಲ್ಲಾದಾಗ ಮೂವತ್ತು ವರ್ಷ ಸರಕಾರಿ ನರ್ಸ್ ಆಗಿ ತಿರುಗಿದಾಕಿ ನಾನು. ಮಂದಿಗೆ ಬುದ್ಧಿ ಹೇಳೋದು ನನ್ನ ನೌಕರಿ, ಹೇಳಿದ ಬುದ್ಧಿ ತಿರುಗಿ ಬಂದು ನನ್ನ ತಲಿ ಮ್ಯಾಲೇ ಬೀಳೋದು ನನ್ನ ನಸೀಬ. ಇಂಥಾವು ಒಂದಲ್ಲ ಎರಡಲ್ಲ, ನಡೀತಾನೇ ಇರ್ತಾವ. ವಯಸ್ಸು ಐವತ್ತರ ಹತ್ರ ಬಂದಾಗಿನವು ನಾಕು ಹೇಳ್ತೇನಿ.

ಫ್ಯಾನು

ನಲವತ್ತೆಂಟಕ್ಕ ನನಗ ಮುಟ್ಟು ನಿಲ್ಲಾಕ ಹತ್ತಿತ್ತು. ಕುಂತಲ್ಲೇ ಮೈ ಭಗ್ ಅಂತಿತ್ತು, ಕುತ್ತಿಗಿಯಿಂದ ಬೆವರು ಇಳೀತಿತ್ತು. ಬೀದರದಾಗ ಪರಿಚಯದ ಡಾಕ್ಟರಬಾಯಿ ಹಂತ್ಯಾಕ ಹೋದೆ. ಅವರು ರಕ್ತದ ರಿಪೋರ್ಟು ನೋಡಿ, ಗಾಬರಿ ಆಗಬ್ಯಾಡ್ರಿ, ಈ ವಯಸ್ಸಿಗೆ ಹಾರ್ಮೋನು ಏರುಪೇರು ಆಗ್ತಾವ ಅಂದ್ರು. ಸದ್ಯಕ್ಕ ಗುಳಗಿ ಬ್ಯಾಡ, ದಿನಾ ಅರ್ಧ ತಾಸು ನಡೀರಿ, ಊಟದಾಗ ಅಗಸಿ-ಎಳ್ಳು ಇರಲಿ, ಚಹಾ ಕಡಿಮಿ ಮಾಡ್ರಿ, ಹೊತ್ತಿಗೆ ಸರಿಯಾಗಿ ಮಲಗ್ರಿ, ಸಿಟ್ಟು ಮಾಡಬ್ಯಾಡ್ರಿ. ಈ ಐದೂ ಮಾತು ನಾನೇ ಊರೂರು ತಿರುಗಿ ಹೇಳ್ತಿದ್ದೆ. ಫೀ ಕೊಟ್ಟು ನನ್ನ ಮಾತು ನಾನೇ ಕೇಳಿ ಬಂದಂಗಾತು.

ಅವತ್ತಿನಿಂದ ಥಂಡಿ ದಿನದಾಗೂ ಮನ್ಯಾಗ ಫ್ಯಾನು ಫುಲ್. ನಮ್ಮ ಮನಿಯವರು ಪಾಪ, ಸ್ವೆಟರ್, ಮಫ್ಲರ್, ಮಂಕಿ ಟೋಪಿ ಹಾಕ್ಕೊಂಡು ಅದೇ ಫ್ಯಾನಿನ ಕೆಳಗ ಪೇಪರ್ ಓದೋರು. ಒಂದಿನಾ ಬಾಜೂ ಮನಿಯವರು ಬಂದು, ಮೈಯಾಗ ಆರಾಮಿಲ್ಲೇನ್ರಿ ಸರ್ ಅಂತ ಕೇಳಿದ್ರು. ಇವರು ಟೋಪಿ ಸರಿ ಮಾಡ್ಕೋತ, "ನಾ ಆರಾಮ ಇದ್ದೇನ್ರಿ. ಬ್ಯಾಸಗಿ ಅವರಿಗೆ ಬಂದದ, ಥಂಡಿ ನನ್ನ ಪಾಲಿಗೆ ಬಂದದ" ಅಂದ್ರು.

ಶಿಕ್ಕಾ

ಆಗ ನನ್ನ ಡ್ಯೂಟಿ ಭಾಲ್ಕಿ ಕಡೆ ಇತ್ತು. ಭಾತಂಬ್ರಾ ಊರಿನ ಒಬ್ಬ ಅತ್ತಿಗೂ ನನ್ನಂಗೇ ಆಗಿತ್ತು. ನಿದ್ದಿ ಇಲ್ಲ, ಮಾತಿಗೊಮ್ಮೆ ಸಿಟ್ಟು. ಅದೇ ಐದು ಮಾತು ಹೇಳಿ ಕಳಿಸಿದೆ. ಮರುದಿನ ಅಕಿ ಸೊಸಿ ಒಂದು ಬಿಳಿ ಹಾಳಿ ಹಿಡಕೊಂಡು ಬಂದ್ಲು. ಸಿಟ್ಟು ಮಾಡಬಾರದು ಅನ್ನೋದೊಂದು ಇದರ ಮ್ಯಾಲ ಬರದು ದವಾಖಾನಿ ಸೀಲು-ಶಿಕ್ಕಾ ಹೊಡೀರಿ, ನಮ್ಮತ್ತಿ ಶಿಕ್ಕಾ ಇದ್ದದ್ದಷ್ಟೇ ನಂಬ್ತಾರ ಅಂದ್ಲು. ಹುಡುಗಿ ಮಾರಿ ನೋಡಿ ಪಾಪ ಅನಿಸ್ತು. ಬರದು, ಶಿಕ್ಕಾ ಹೊಡದು ಕೊಟ್ಟೆ.

ಎಂಟು ದಿನಕ್ಕ ಅತ್ತಿನೇ ಬಂದ್ಲು. ಅದೇ ಹಾಳಿ ಬಿಚ್ಚಿ ನನ್ನ ಮುಂದಿಟ್ಟು, "ನೀವು ಬರದಂಗ ಸಿಟ್ಟು ಬಿಟ್ಟೇನ್ರಿ ಸಿಸ್ಟರ್. ಇನ್ನ ಇದರ ಕೆಳಗ, ಸೊಸಿ ಸಿಟ್ಟು ಬರೋವಂಥ ಕೆಲಸ ಮಾಡಬಾರದು ಅಂತ ಬರದು ಇನ್ನೊಂದು ಶಿಕ್ಕಾ ಹೊಡೀರಿ" ಅಂದ್ಲು.

ಬಗಲಾಗಿನ ಕೊಡ

ಅಲ್ಲಿಂದ ಔರಾದ ತಾಲೂಕಿನ ಒಂದು ಹಳ್ಳಿಗೆ ವರ್ಗ ಆತು. ಬರದ ವರ್ಷ. ಹೊಲದಾಗ ಕೆಲಸ ಇಲ್ಲದ ಅರ್ಧ ಊರು ಹೈದರಾಬಾದಿಗೆ ಬಿಲ್ಡಿಂಗ್ ಕೆಲಸಕ್ಕ ಹೋಗಿತ್ತು. ಉಳಿದ ಹೆಣ್ಣಮಕ್ಕಳು ಬೋರಿಂಗ್ ಮುಂದ ಕೊಡ ಪಾಳಿ ಹಚ್ಚಿ ದಿನಾಪೂರಾ ಕೂಡೋರು. ಟ್ಯಾಂಕರಿಗೆ ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಬೋರಿಂಗು ನೀರಿಗಿಂತ ಗಾಳಿನೇ ಹೆಚ್ಚು ಬಿಡ್ತಿತ್ತು.

ಅಲ್ಲಿ ಕುರಿ ಸಾಕೋ ಮನೆತನದ ಒಬ್ಬ ಅಕ್ಕ ಇದ್ಲು. ಗಂಡ ಕುರಿ ಹೊಡಕೊಂಡು ಮೇವು ಇದ್ದಲ್ಲಿಗೆ ಹೋಗಿದ್ದ, ಮಗ ಹೈದರಾಬಾದಿನಾಗಿದ್ದ. ಅಕಿಗೂ ನನ್ನಂಗೇ ಮೈಯೆಲ್ಲ ಬೆಂಕಿ. ಬೋರಿಂಗು ನಿಂತ ದಿನಾನೇ ಮನಿಗೆ ಕೀಲಿ ಹಾಕಿ ಬಂದುಬಿಡು ಅಂತ ಮಗ ಫೋನ್ ಮಾಡ್ತಿದ್ದ.

"ಅಲ್ಲಿ ತಗಡಿನ ಶೆಡ್ಡಿನಾಗ ಹತ್ತು ಮಂದಿ ಮಲಗ್ತಾರ್ರಿ ಸಿಸ್ಟರ್. ಈ ಮೈ ತಗೊಂಡು ನಾ ಅವರ ನಡುವ ಹ್ಯಾಂಗ ಮಲಗ್ಲಿ? ಇಲ್ಲಾದ್ರ ಅಂಗಳ ಅದ, ಗಾಳಿ ಅದ" ಅಂದ್ಲು.

ಆ ಸುಡೋ ಮೈ ಏನು ಅಂಬೋದು ನನಗ ಗೊತ್ತಿತ್ತಲ್ಲ. ಆದ್ರ ಟ್ಯಾಂಕರ್ ತರಿಸೋದು ನನ್ನ ಕೈಯಾಗ ಇರ್ಲಿಲ್ಲ, ನನ್ನ ಹಂತ್ಯಾಕ ಇದ್ದದ್ದು ಅದೇ ಐದು ಮಾತು.

ಅದನ್ನೇ ಅಕಿಗೂ ಪಾಳಿಗೆ ಕುಂತ ಹೆಣ್ಣಮಕ್ಕಳಿಗೂ ಹೇಳಿದೆ. ರೊಟ್ಟಿ ಜೋಡಿ ಅಗಸಿ ಚಟ್ನಿಪುಡಿ ಅವರು ಮೊದಲಿಂದ ತಿಂತಿದ್ರು. ನಡಿಯೋದು ಮಾತ್ರ ಆಗಂಗಿಲ್ಲ ಅಂದ್ರು. ಕೆಲಸ ಇಲ್ಲದ ಹೆಣ್ಣಮಗಳು ರಸ್ತಾ ಹಿಡಿದು ಹೊಂಟ್ರ, ಯಾರು ಸತ್ತಾರ, ಯಾರ ಕೂಡ ಜಗಳಾಡಿದಿ, ತವರಿಗೆ ಹೊಂಟಿಯೇನು ಅಂತ ಮನಿಗೊಬ್ಬರು ಕೇಳ್ತಾರಂತ. ಕುರಿ ಅಕ್ಕನೇ ದಾರಿ ತಗದ್ಲು. ಬಗಲಾಗ ಖಾಲಿ ಕೊಡ ಇದ್ರ ಯಾರೂ ಏನೂ ಕೇಳಂಗಿಲ್ಲ ಅಂದ್ಲು.

ಮರುದಿನ ಮುಂಜಾನಿ ಐದು ಮಂದಿ ಡಾಂಬರ್ ರಸ್ತಾತನಕ ಖಾಲಿ ಕೊಡ ಹಿಡಕೊಂಡು ಹೋದ್ವಿ, ಖಾಲಿ ಕೊಡ ಹಿಡಕೊಂಡೇ ತಿರುಗಿ ಬಂದ್ವಿ. ನನಗೂ ಒಂದು ಕೊಡ ಕೊಟ್ಟಿದ್ರು. ಎಂಟು ದಿನದಾಗ ಇಪ್ಪತ್ತು ಮಂದಿ ಆದ್ವಿ. ಕಟ್ಟಿ ಮ್ಯಾಲ ಕೂಡೋ ಒಬ್ಬ ಮುತ್ಯಾಗ ನಮ್ಮನ್ನ ನೋಡಿ ನೋಡಿ ತಡಿಯಾಕ ಆಗ್ಲಿಲ್ಲ. "ಎಂಟು ದಿನ ಆತಲ್ಲವ್ವಾ, ಆ ಕಡೆ ನೀರಿಲ್ಲ ಅಂತ ಇನ್ನೂ ಗೊತ್ತಾಗಿಲ್ಲೇನು ನಿಮಗ" ಅಂದ.

ಜೀಪು

ಒಂಬತ್ತನೇ ದಿನ ಡಾಂಬರ್ ರಸ್ತಾದ ಮ್ಯಾಲ ಒಂದು ಸರಕಾರಿ ಜೀಪು ನಮ್ಮ ಮುಂದ ಬಂದು ನಿಂತಿತು. ಒಳಗಿಂದ ಒಬ್ಬ ಸಾಹೇಬರು ಇಳಿದ್ರು. ಇಪ್ಪತ್ತು ಹೆಣ್ಣಮಕ್ಕಳು, ಇಪ್ಪತ್ತು ಖಾಲಿ ಕೊಡ. ನಮ್ಮ ಕಡೆ ಇದಕ್ಕ ಮೋರ್ಚಾ ಅಂತಾರ. ಸಾಹೇಬರು ಮಾರಿ ಒರಸ್ಕೋತ, ಬೀದರದ ಡೀಸಿ ಆಫೀಸತನಕ ಹೊಂಟೀರೇನು ಅಂತ ಕೇಳಿದ್ರು. ಇಲ್ರಿ ಸರ್, ಇದು ಹಾರ್ಮೋನಿನ ಸಲುವಾಗಿ ಅಂತ ಹೇಳಾಕ ನಾ ಬಾಯಿ ತಗದೆ. ಕುರಿ ಅಕ್ಕ ಹಿಂದಿಂದ ನನ್ನ ರಟ್ಟಿ ಹಿಂಡಿದ್ಲು. ಅಕಿ ತಗಡಿನ ಶೆಡ್ಡು ನೆನಪಾಗಿ ಸುಮ್ಮನಾದೆ.

"ಎಷ್ಟು ದಿನದಿಂದ ನಡಿಯಾಕ ಹತ್ತೀರಿ?" ಸಾಹೇಬರು ಕೇಳಿದ್ರು.

"ಇವತ್ತಿಗೆ ಒಂಬತ್ತು ದಿನಾರಿ" ಅಂದ್ಲು ಕುರಿ ಅಕ್ಕ.

"ಹಿಂಗ ಎಷ್ಟು ದಿನ ನಡೀತೀರಿ?"

"ಆರಾಮ ಆಗೋತನಕ ನಡೀತೀವ್ರಿ."

ಒಂದು ಮಾತೂ ಸುಳ್ಳಲ್ಲ. ಸಾಹೇಬರು ಅಲ್ಲೇ ನಿಂತು ಯಾರಿಗೋ ಫೋನ್ ಹಚ್ಚಿ ಬೈದ್ರು. ಸಂಜಿಯೊಳಗ ಟ್ಯಾಂಕರ್ ಬರ್ತದ, ದಯವಿಟ್ಟು ಮನಿಗೆ ಹೋಗ್ರಿ ಅಂತ ನಮಗ ಕೈ ಮುಗಿದ್ರು. ಖರೇನೇ ಬಂತು. ಕುರಿ ಅಕ್ಕ ಮೊದಲನೇ ಕೊಡ ತುಂಬಿಟ್ಟು ಮಗನಿಗೆ ಫೋನ್ ಮಾಡಿ, ನಾ ಬರಂಗಿಲ್ಲಪ್ಪಾ, ಇಲ್ಲೇ ಇರ್ತೇನಿ ಅಂದ್ಲು. ನನಗ ಕಣ್ಣಾಗ ನೀರು ಬಂತು.

ನೀರು ಬಂತಲ್ಲ, ಇನ್ನ ಯಾರು ನಡಿಯಾಕ ಬರ್ತಾರ ಅಂತ ಮರುದಿನ ಒಬ್ಬಾಕಿನೇ ಹೊಂಟಿದ್ದೆ. ನೋಡಿದ್ರ ಎಲ್ಲಾರೂ ನನಗಿಂತ ಮೊದಲೇ ಬಂದು ನಿಂತಿದ್ರು. ಒಬ್ಬರ ಬಗಲಾಗೂ ಕೊಡ ಇಲ್ಲ. ಎಲ್ಲಾರ ಕೈಯಾಗ ಒಂದೊಂದು ಖಾಲಿ ಚೀಲ.

ಕುರಿ ಅಕ್ಕ ನನಗೂ ಒಂದು ಚೀಲ ಕೊಟ್ಟು, "ನಡಿಯೋದಂತೂ ನಡೀಬೇಕು ಸಿಸ್ಟರ್. ಎರಡು ತಿಂಗಳಿಂದ ರೇಶನ್ನೂ ಬಂದಿಲ್ಲ, ಇವತ್ತು ಇವನ್ನ ಹಿಡಕೊಂಡು ನಡಿಯೋಣ್ರಿ" ಅಂದ್ಲು.