ಕುವೈತೋ, ಬಹರೇನೋ?

ಅಕ್ಕನ ಮದುವೆ ಗೊತ್ತಾದದ್ದು ನನ್ನ ವಾದದಿಂದ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಊಟಕ್ಕೆ ಬಂದವರಿಗೆಲ್ಲ ಅಪ್ಪ ಈ ಸುದ್ದಿಯನ್ನು ಉಪ್ಪಿನಕಾಯಿಯ ಜೊತೆ ಬಡಿಸುತ್ತಾನೆ. ನನಗೆ ಈ ಹೇಳಿಕೆಯ ಮೇಲೆಯೇ ಆಕ್ಷೇಪವಿದೆ. ಅಂದು ನಡೆದದ್ದು ವಾದವೇ? ವಾದವಾಗಿದ್ದರೆ, ಗೆದ್ದವರು ಯಾರು? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ತೀರ್ಪು ಕೊಡಲು ನಾನೇ ಕೂತಿದ್ದರೆ ನನ್ನನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದೆ. ತೊಂದರೆಯೆಂದರೆ, ನಾನು ಆಗಲೇ ಮನೆಯಲ್ಲಿದ್ದೆ.

ಮರಾಠಿ ಸೀಮೆಯ ದೇಹೂ ರೋಡಿನಲ್ಲಿ ನಮ್ಮದೊಂದು ಖಾನಾವಳಿ. ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಕಾರ್ಖಾನೆಗೆಂದು ಬಂದ ಒಂಟಿ ಗಂಡಸರಿಗೆ ಎರಡು ಹೊತ್ತು ರೊಟ್ಟಿ, ಪಲ್ಯ. ರೊಟ್ಟಿ ಬಡಿಯುವವಳು ಅಕ್ಕ. ತಿಂದು ಮಾತಾಡುವವಳು ನಾನು. ಕಾತ್ರಜದಲ್ಲಿ ಕಾಕಾನದೂ ಒಂದು ಖಾನಾವಳಿ ಇದೆ. ಅವನ ಸಾರಿನಲ್ಲಿ ಬೇಳೆ ಕಂಡವರು ಅಪರೂಪ. ಆದರೂ ಬಂದಾಗಲೆಲ್ಲ ಅವನಿಗೆ ಒಂದೇ ಜಂಬ: “ನನ್ನ ಕಡೆ ತಿಂಗಳಾ ತಿಂಗಳಾ ಹೊಸ ಮುಖ ಬರ್ತಾವ. ನಿಮ್ಮಲ್ಲಿ ನೋಡು, ಅವೇ ಹಳೇ ಮಂದಿ!”

ಈ ವರ್ಷ ಅಕ್ಕನಿಗೆ ಎರಡು ಸಂಬಂಧ ಬಂದವು. ಒಬ್ಬ ಕುವೈತಿನಲ್ಲಿ ವೆಲ್ಡರ್, ಇನ್ನೊಬ್ಬ ಬಹರೇನಿನಲ್ಲಿ ಎಲೆಕ್ಟ್ರಿಷಿಯನ್. ಇಬ್ಬರದೂ ಎರಡೆರಡು ವರ್ಷದ ಕರಾರು. ಇಬ್ಬರೂ ರಜೆಗೆ ಬಂದು, ತಾಳಿ ಕಟ್ಟಿ, ಹೆಂಡತಿಯನ್ನು ಇಲ್ಲೇ ಬಿಟ್ಟು ಹೋಗುವವರು. ಫೋಟೋಗಳೂ ಒಂದೇ ನಮೂನೆ: ಕಪ್ಪು ಕನ್ನಡಕ ಹಾಕಿ ಯಾರದೋ ಕಾರಿಗೆ ಒರಗಿ ನಿಂತದ್ದು. ಅಪ್ಪನಿಗೆ ತಲೆ ಕೆಟ್ಟಿತು. “ಶಾರಿ, ನೀ ಕಪ್ ಗೆದ್ದಾಕಿ ಅದಿ. ಎರಡೂ ದೇಶ ತೂಗಿ ಹೇಳವಾ” ಎಂದ.

ತೂಗುವುದೆಂದರೆ ನನಗೆ ಹಬ್ಬ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆ ಕೆದಕಿದೆ. ಭಾನುವಾರ ಅಪ್ಪ, ಅವ್ವ, ಕಾಕಾ ಕೂತಿರುವಾಗ ಎದ್ದು ನಿಂತೆ. ಅಭ್ಯಾಸಬಲದಿಂದ “ಮಾನ್ಯ ಅಧ್ಯಕ್ಷರೇ” ಎಂದುಬಿಟ್ಟೆ. ಅಪ್ಪ ಬನಿಯನ್ ಎಳೆದುಕೊಂಡು ನೆಟ್ಟಗೆ ಕೂತ. ಕರಾರಿನ ಮೇಲೆ ಹೊರಗಿನವರನ್ನು ವರ್ಷ ವರ್ಷವೂ ಬಹರೇನಿಗಿಂತ ಹೆಚ್ಚು ಕರೆಸಿಕೊಳ್ಳುವುದು ಕುವೈತ್. ಹೆಚ್ಚು ಜನ ಹೋಗುತ್ತಾರೆಂದರೆ ಅಲ್ಲಿ ಕೆಲಸ ಗಟ್ಟಿ. ಕೆಲಸ ಗಟ್ಟಿಯಾದರೆ ವರ ಗಟ್ಟಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಕುವೈತಿನಲ್ಲಿ ನಿಂತೆ.

ಉಪ್ಪಿಟ್ಟು ತಂದ ಅಕ್ಕ ತಟ್ಟೆ ಇಡುತ್ತ ಕೇಳಿದಳು: “ಏ ಶಾರಿ, ಕಾಕಾನ ಖಾನಾವಳಿಗೆ ತಿಂಗಳಾ ಹೊಸ ಮಂದಿ ಬರ್ತಾರ. ನಮ್ಮಲ್ಲಿ ವರ್ಷಾತು, ಹೊಸಬ ಒಬ್ಬನೂ ಬಂದಿಲ್ಲ. ಹಂಗಾರ ಕಾಕಾನ ಊಟಾನ ಛಲೋ ಏನು? ಬರೋರನ್ನ ಎಣಿಸಿದಿ. ಬಿಟ್ಟು ಹೋಗೋರನ್ನ ಎಣಿಸಿಯೇನು?”

ಕಾಕಾನಿಗೆ ಉಪ್ಪಿಟ್ಟು ನೆತ್ತಿಗೇರಿತು. ನನ್ನ ಮೆಟ್ಟಿಲುಗಳೆಲ್ಲ ಒಂದೇ ಸಲ ಕುಸಿದದ್ದು ನನಗೊಬ್ಬಳಿಗೇ ಕೇಳಿಸಿತು. ಸರಿಯಾದ ಪ್ರಶ್ನೆ. ಆದರೆ ಉತ್ತರವಿಲ್ಲದಾಗ ಏನು ಹೇಳಬೇಕೆಂಬುದನ್ನೇ ಅಲ್ಲವೇ ನಾನು ಮೂರು ವರ್ಷ ಕಲಿತದ್ದು? “ಅಧ್ಯಕ್ಷರೇ, ಚರ್ಚೆಯ ವಿಷಯ ದೇಶಗಳದು, ರೊಟ್ಟಿಯದಲ್ಲ” ಎಂದೆ. ಎಲ್ಲರೂ ನಕ್ಕರು, ಕಾಕಾ ಎಲ್ಲರಿಗಿಂತ ಜೋರಾಗಿ. “ಅಣ್ಣಾ, ನಿನ್ನ ಮಗಳು ವಕೀಲ ಆಗ್ತಾಳ ನೋಡು!” ಪಕ್ಕದ ಮರಾಠಿ ಅಜ್ಜಿ ಕೂಡ ಕಿಟಕಿಯಿಂದ “ಹುಶಾರ್ ಪೋರಗಿ!” ಎಂದು ತನ್ನ ಭಾಷೆಯಲ್ಲಿ ನನ್ನನ್ನು ಜಾಣ ಹುಡುಗಿ ಎಂದಳು. ಅಕ್ಕನೂ ತುಸು ನಕ್ಕು ಒಳಗೆ ಹೋದಳು. ಕುವೈತ್ ಗೊತ್ತಾಯಿತು.

ಅಂದಿನಿಂದ ಹೊಗಳಿಕೆ ಕೇಳಿದರೆ ಕಿವಿ ಬಿಸಿಯಾಗುತ್ತದೆ. ಹೋದ ವರ್ಷ ನಾನು ಕಪ್ ಗೆದ್ದದ್ದು, ಹೆಣ್ಣುಮಕ್ಕಳು ತಮ್ಮ ಗಂಡನನ್ನು ತಾವೇ ಆರಿಸಬೇಕು ಎಂದು ವಾದಿಸಿ. ಅವ್ವ ಈಗ ಆ ಕಪ್ಪಿನಲ್ಲಿ ಚಮಚ ಇಡುತ್ತಾಳೆ. ಸಾರು ಬಡಿಸಲು ಅಕ್ಕ ದಿನಾ ಅದರಿಂದಲೇ ಚಮಚ ತೆಗೆಯುತ್ತಾಳೆ, ಏನೂ ಅನ್ನುವುದಿಲ್ಲ. ಅಂದಿದ್ದರೆ ವಾದಿಸಬಹುದಿತ್ತು.

ನಿನ್ನೆ ಮಧ್ಯಾಹ್ನ ಪಂಕ್ತಿ ಎದ್ದ ಮೇಲೆ ಒಲೆಯ ಹತ್ತಿರ ಹೋಗಿ ಕೂತೆ. ಅಕ್ಕ ಹಿಟ್ಟು ನಾದುತ್ತಿದ್ದಳು. ಚರ್ಚೆಗೆ ಎರಡೇ ಪಕ್ಷ; ಮೂರನೆಯದು ಇರಬಹುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ಸಮಯ ಮುಗಿಯಿತೆಂದು ಗಂಟೆ ಬಾರಿಸುವವರೂ ಅಲ್ಲಿರಲಿಲ್ಲ.

“ಅಕ್ಕಾ, ನಿನಗ ಇಬ್ಬರೂ ಬ್ಯಾಡಾಗಿದ್ರೇನು?”